ಸೀತವ್ವನ ಪಾಳಿ

ನೀಲಗಿರಿ ಗಿಡಗಳ ತಿರುವಿಗೆ ಬಂದು ಬಸ್ಸು ಕೆಟ್ಟು ನಿಂತಿತು. ಹುಕ್ಕೇರಿಯಿಂದ ದಡ್ಡಿಗೆ ಮರಳುವಾಗ ಆಮ್ರಪಾಲಿ ದಿನಾಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಜಾಗ ಅದು. ಗೋಕಾಕದಲ್ಲಿ ಪರೀಕ್ಷೆ ಬರೆದು ಬರುತ್ತಿದ್ದ ಅವಳ ಗಂಡ ದುರ್ಗೇಶನ ಬೈಕಿಗೆ ಕಬ್ಬಿನ ಟ್ರ್ಯಾಕ್ಟರ್ ಬಡಿದದ್ದು ಇಲ್ಲೇ. ಇವತ್ತು ಎಷ್ಟೊತ್ತು ಅಂತ ಕಣ್ಣು ಮುಚ್ಚಿ ಕೂಡುವುದು? ತೆರೆದಳು. ಕಿಟಕಿಯಾಚೆ ಮಬ್ಬಿನಲ್ಲಿ ಯಾರೋ ಬೈಕಿಗೆ ಒರಗಿ ನಿಂತಂತೆ ಕಂಡಿತು. ದಿಟ್ಟಿಸಿದರೆ ಬರೀ ಗಿಡದ ಬೊಡ್ಡೆ.

ಮನಸ್ಸನ್ನು ಬೇರೆಡೆ ತಿರುಗಿಸಲು ಮಗಳು ನಂದಿನಿಯ ನೆನಪು ಮಾಡಿಕೊಂಡಳು. ಕೂಸು ಈಗ ಉಣ್ಣುತ್ತಿರಬೇಕು. ಇವತ್ತು ಶುಕ್ರವಾರ, ಸೀತವ್ವನ ಪಾಳಿ.

ಆದರೆ ಸೀತವ್ವನನ್ನು ಮಣ್ಣು ಮಾಡಿದ್ದು ಇದೇ ಸೋಮವಾರ.

ಆಮ್ರಪಾಲಿಗೆ ನರ್ಸಿಂಗ್ ಓದಲು ವಿದ್ಯಾರ್ಥಿವೇತನ ಸಿಕ್ಕಾಗ ಓಣಿಯ ಬುದ್ಧ ವಿಹಾರದಲ್ಲಿ ಎಲ್ಲರೂ ಕೂತು ಪಾಳಿ ಹಚ್ಚಿದ್ದರು. ವಾರದ ಒಂದೊಂದು ದಿನ ಒಂದೊಂದು ಮನೆ ಕೂಸಿಗೆ ಸಂಜೆಯ ಊಟ ಹಾಕುವುದು. ಅತ್ತೆ ಪದ್ಮವ್ವ ಮಾತ್ರ ಎದ್ದು ನಿಂತಿದ್ದಳು. "ಆ ರೋಡ ನನ್ನ ಮಗನ್ನ ತಿಂದೈತಿ. ಈಗ ಈಕಿನ್ನೂ ಅದರ ಬಾಯಾಗ ಹಾಕ್ತೀರೇನು? ಈಕಿ ಬಸ್ ಹತ್ತೋದು ಬಿಡೂತನಕ ನನ್ನ ಒಲಿ ಮ್ಯಾಲಿನ ರೊಟ್ಟಿ ಈ ಕೂಸಿಗೆ ಸಿಗಂಗಿಲ್ಲ."

ಆಮ್ರಪಾಲಿಯೂ ಸುಮ್ಮನಿರಲಿಲ್ಲ. "ನನ್ನ ಮಗಳು ಒಂದ ರಾತ್ರಿ ಉಪಾಸ ಮಲಗಿದ್ರ, ಮರದಿನಾ ಪುಸ್ತಕಾ ಮುಚ್ಚಿ ಇಡ್ತೇನ್ರಿ," ಎಂದುಬಿಟ್ಟಿದ್ದಳು. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ, ಅತ್ತೆ ಸೊಸೆಗೆ ಮಾತಿಲ್ಲ. ಅಂಚಿನಲ್ಲಿ ದುರ್ಗೇಶನ ಹೆಸರು ಕೊರೆದಿದ್ದ, ಅವನು ಉಣ್ಣುತ್ತಿದ್ದ ಸ್ಟೀಲಿನ ತಾಟನ್ನು ಪದ್ಮವ್ವ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು. ಮೊಮ್ಮಗಳಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಸೀತವ್ವ ಒಂಟಿ ಮುದುಕಿ. ಅವಳ ಸಾವಿಗೆ ಇಡೀ ಓಣಿ ಅತ್ತಿತು, ಹೆಗಲು ಕೊಟ್ಟಿತು. ಅವಳ ಶುಕ್ರವಾರಕ್ಕೆ ಹೆಗಲು ಕೊಡುವುದು ಯಾರಿಗೂ ಹೊಳೆಯಲಿಲ್ಲ. ತಾಯಿಗೇ ಹೊಳೆಯದ್ದು ಬೇರೆಯವರಿಗೆ ಹೇಗೆ ಹೊಳೆದೀತು ಎಂದು ಆಮ್ರಪಾಲಿ ತನ್ನನ್ನೇ ಬೈದುಕೊಂಡಳು. ಪಕ್ಕದ ಮನೆಯ ದೀಪಾಗೆ ಫೋನು ಹಚ್ಚಿದಳು.

"ನಾ ನಾಗನೂರಾಗ ಅದೇನಿ ಅಕ್ಕಾ, ತವರಮನಿಗೆ ಬಂದೇನಿ. ಇವತ್ತ ಸೀತವ್ವಾಯಿ ಪಾಳಿ ಅಲ್ಲೇನ?" ಎಂದ ದೀಪಾ ತಟ್ಟನೆ ಮಾತು ನಿಲ್ಲಿಸಿದಳು. "ಅಯ್ಯ ಯವ್ವಾ..."

ಬಸ್ಸು ಊರು ಮುಟ್ಟಿದಾಗ ಪೂರ್ತಿ ಕತ್ತಲಾಗಿತ್ತು. ಆಮ್ರಪಾಲಿ ಓಡುತ್ತಲೇ ಬಂದಳು. ಪುಸ್ತಕದ ಚೀಲ ಬೆನ್ನಿಗೆ ಬಡಿಯುತ್ತಿತ್ತು. ನಾಳೆಯಿಂದ ಇದನ್ನು ಹೊರುವ ಹಾಗಿಲ್ಲ ಎಂದು ನೆನೆದಾಗ ಅಳು ಒತ್ತರಿಸಿ ಬಂತು.

ನಂದಿನಿ ಚಾಪೆಯ ಮೇಲೆ ನಿದ್ದೆಹೋಗಿತ್ತು. ಎತ್ತಿಕೊಂಡರೆ ಬಾಯಿಗೆ ಶೇಂಗಾ ಚಟ್ನಿಯ ವಾಸನೆ.

"ಎಲ್ಲಿ ಉಂಡ್ಯವ್ವಾ?"

"ಸೀತಾಯಿ ಮನ್ಯಾಗ," ಎಂದಿತು ಕೂಸು ಕಣ್ಣು ತೆರೆಯದೆ.

"ಯಾರ ಹಾಕಿದ್ರ?"

"ಹೇಳಬ್ಯಾಡ ಅಂದಾಳ." ತಾಯಿಯ ಹೆಗಲಿಗೆ ಮುಖ ಒತ್ತಿ ಮತ್ತೆ ನಿದ್ದೆಹೋಯಿತು.

ಎದುರುಮನೆಯ ಅಕ್ಕವ್ವ ಬಾಗಿಲ ಸಂದಿನಿಂದಲೇ ಪಿಸುಗುಟ್ಟಿದಳು. "ಆಮ್ರಪಾಲಿ, ಸಂಜಿಮುಂದ ಸೀತವ್ವನ ಹಂಚಿನ ಸಂದ್ಯಾಗ ಹೊಗಿ ಕಂಡ್ನಿ. ಸತ್ತಾಕಿ ಮನ್ಯಾಗ ಒಲಿ ಹತ್ತಿತ್ತವ್ವಾ! ರೊಟ್ಟಿ ಬಡಿಯೂ ಸಪ್ಪಳಾನೂ ಕೇಳಿಸ್ತು. ಹೋಗಿ ನೋಡಾಕ ನನ್ನ ಕೈಲೆ ಆಗಲಿಲ್ಲ." ದೆವ್ವ ಭೂತ ಎಲ್ಲಾ ಸುಳ್ಳು ಎಂದು ಪ್ರತಿ ಹುಣ್ಣಿಮೆಗೆ ವಿಹಾರದಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುವವಳು ಇದೇ ಅಕ್ಕವ್ವ. ಈಗ ಒಳಗಿಂದ ಅಗುಳಿ ಹಾಕಿಕೊಂಡಳು.

ಕೂಸನ್ನು ಮಲಗಿಸಿ ಆಮ್ರಪಾಲಿ ಸೀತವ್ವನ ಬಾಗಿಲಿಗೆ ಹೋದಳು. ಚಿಲಕ ತೆಗೆಯುವ ಮುನ್ನ ಒಮ್ಮೆ ಹಿಂತಿರುಗಿ ನೋಡಿದಳು. ಅಂಜಿಕೆಯೇ ಅದು, ಬೇರೇನಲ್ಲ. ಒಳಗೆ ಸುಟ್ಟ ಜೋಳದ ಹಿಟ್ಟಿನ ಕಂಪು. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಒಂದು ತಾಟು. ಮೊಬೈಲಿನ ಬೆಳಕು ಹಿಡಿದಳು. ಅಂಚಿನಲ್ಲಿ ದುರ್ಗೇಶನ ಹೆಸರು.

ಅವಳು ಅಲ್ಲೇ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿ ಅತ್ತಳು.

ಹೊರಗೆ ಬಂದಾಗ ಪದ್ಮವ್ವ ಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಬಸ್ ಎಲ್ಲಿ ನಿಂತಿತ್ತ?" ಎಂದು ಕೇಳಿದಳು.

"ತಿರುವಿನ್ಯಾಗರಿ, ಅತ್ತಿ."

ಮೊರದಲ್ಲಿ ಆಡುತ್ತಿದ್ದ ಪದ್ಮವ್ವನ ಕೈ ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಜೋಳ ಸರಿಯುವ ಸಪ್ಪಳ ಕೇಳಿತು.

ಆಮ್ರಪಾಲಿ ಹಿತ್ತಲಿಗೆ ಹೋಗಿ ಒಂದು ಹೊರೆ ತೊಗರಿ ಕಟ್ಟಿಗೆ ಎತ್ತಿಕೊಂಡಳು. ಸೀತವ್ವನ ಮನೆಗೆ ಒಯ್ದು, ಮುಂದಿನ ಶುಕ್ರವಾರಕ್ಕೆಂದು ಒಲೆಯ ಬಾಜೂ ಇಟ್ಟಳು. ತಾಟನ್ನು ಮುಟ್ಟಲಿಲ್ಲ. ಚಿಲಕ ಹಾಕದೆ ಬಾಗಿಲನ್ನು ಬರೀ ಮುಂದೆ ಎಳೆದು ಬಂದಳು.