ಬಾಯಿಬಿಡದ ಬಿಳಿ ಹಸು

ಬೆಳಗಿನ ಮಂಜು ಕೊಟ್ಟಿಗೆಯ ಬಾಗಿಲಲ್ಲೇ ತೂಕಡಿಸುತ್ತಿತ್ತು. ಬಿಳಿ ಹಸು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಸೊಸೆ ಅದರ ಹೊಟ್ಟೆಗೆ ಕೆನ್ನೆ ಆನಿಸಿ ಹಾಲು ಕರೆಯುತ್ತಾ, ಒಳಗೊಂದು ಕರು ಮಿಸುಕಿದಂತೆ ಕನಸು ಕಾಣುತ್ತಿದ್ದಳು. ಬರೀ ಕನಸು. ಕರು ಹಾಕಿ ನಾಲ್ಕು ತಿಂಗಳಾದರೂ ಹಸು ಬೆದೆಗೆ ಬಂದದ್ದು ಯಾರಿಗೂ ಕಂಡಿರಲಿಲ್ಲ. ಇನ್ನಿದು ಗಬ್ಬವಾಗದು, ಸೋಮವಾರ ಹೊಡೆದುಕೊಂಡು ಹೋಗು ಎಂದು ಅತ್ತೆ ದನದ ದಲ್ಲಾಳಿಗೆ ಹೇಳಿಯಾಗಿತ್ತು. ಸೊಸೆ ಯಾರಿಗೂ ಹೇಳದೆ ಪಶುವೈದ್ಯೆಗೆ ಫೋನ್ ಮಾಡಿದಳು.

ಡಾಕ್ಟರಮ್ಮ ಬಂದಾಗ ಅತ್ತೆ ಹಸುವಿನ ಬೆನ್ನು ತಟ್ಟಿದರು.

"ಬಲು ಸಂಭಾವಿತೆ ಇವಳು. ಒಂದಿನ ಕೂಗಿಲ್ಲ, ಹಗ್ಗ ಎಳೆದಿಲ್ಲ. ಮನೇಲಿ ಎಲ್ರೂ ಹೀಗಿದ್ರೆ..." ಎಂದು ಸೊಸೆಯತ್ತ ನೋಡಿದರು.

"ಅಮ್ಮಾ, ಅದೇ ತೊಂದರೆ. ಬೆದೆಗೆ ಬಂದ ಹಸು ಕೂಗಬೇಕು," ಎಂದರು ಡಾಕ್ಟರಮ್ಮ.

ಅತ್ತೆಯ ಮುಖ ಪೆಚ್ಚಾಯಿತು. ಡಾಕ್ಟರಮ್ಮ ಕೈಗವಸು ತೊಟ್ಟು ಪರೀಕ್ಷೆ ಮಾಡಿದರು.

"ಗರ್ಭಕೋಶ ಚೆನ್ನಾಗಿದೆ. ಬೆದೆ ಗುಟ್ಟಾಗಿ ಬಂದು ಹೋಗ್ತಿದೆ. ಮೂಕಬೆದೆ ಅಂತೀವಿ. ಹತ್ತು ದಿನದಲ್ಲಿ ಮೂರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಕೂಗಲಿ ಬಿಡಲಿ, ಗೊತ್ತುಮಾಡಿದ ಹೊತ್ತಿಗೆ ಕೃತಕ ಗರ್ಭಧಾರಣೆ ಮಾಡೋಣ."

"ಹಾಲು ಇಳಿಸೋಕೆ ಕದ್ದು ಚುಚ್ತಾರಲ್ಲ, ಆ ಸೂಜಿನಾ? ಬೇಡಮ್ಮಾ!" ಎಂದರು ಅತ್ತೆ.

"ಅದೇ ಬೇರೆ, ಇದೇ ಬೇರೆ. ಇದು ಪರೀಕ್ಷೆ ಮಾಡಿ ನಾವೇ ಕೊಡೋದು. ಗಬ್ಬದ ಹಸುಗೆ ತಪ್ಪಿ ಕೊಟ್ರೆ ಗಬ್ಬ ಹೋಗುತ್ತೆ, ನೀವಾಗಿ ಹಾಕಬೇಡಿ. ಒಂದೇ ಸಲಕ್ಕೆ ಎಲ್ಲ ಹಸುಗೂ ಗಬ್ಬ ನಿಲ್ಲುತ್ತೆ ಅಂತ ಹೇಳಲ್ಲ. ಆದ್ರೆ ಇಂಜೆಕ್ಷನ್‌ಗೆ ಹೇಳಿದ ದಿನ ಒಂದೂ ತಪ್ಪಿಸಬಾರದು. ಮೇವಿನ ಜೊತೆ ಖನಿಜ ಮಿಶ್ರಣ ಕೊಡಿ."

"ಅತ್ತೆ, ಒಂದು ಸಲ ನೋಡೋಣ," ಎಂದಳು ಸೊಸೆ.

ಅತ್ತೆ ಅಳೆದೂ ಸುರಿದೂ ಒಪ್ಪಿದರು. ಸೋಮವಾರ ದಲ್ಲಾಳಿ ಬಂದಾಗ ಪೊರಕೆ ಹಿಡಿದೇ ಬಾಗಿಲಿಗೆ ಬಂದರು.

"ಹೋಗಯ್ಯಾ, ಅವಳು ಔಷಧಿ ತಗೊಳ್ತಿದಾಳೆ."

ಇಂಜೆಕ್ಷನ್, ಗರ್ಭಧಾರಣೆ ಎಲ್ಲ ಮುಗಿದು ಎರಡು ತಿಂಗಳ ಮೇಲೆ, ಅಂಥದೇ ಮಂಜಿನ ಬೆಳಗ್ಗೆ, ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ ನಕ್ಕರು. "ಗಬ್ಬ ನಿಂತಿದೆ."

ಸೊಸೆ ಹಸುವಿನ ಕೊರಳು ತಬ್ಬಿ ಅತ್ತುಬಿಟ್ಟಳು. ಅತ್ತೆ ಅದರ ಕಿವಿಯ ಹತ್ತಿರ ಬಾಗಿದರು. "ಎಲ್ಲಾ ಗುಟ್ಟಾಗೇ ಮುಗಿಸಿಬಿಟ್ಟೆಯಲ್ಲೇ, ಕಳ್ಳಿ!"

ನಿಮ್ಮ ಕೊಟ್ಟಿಗೆಯಲ್ಲೂ ಇಂಥ ಸಂಭಾವಿತೆ ಇದ್ದಾಳೆಯೇ? ಕರು ಹಾಕಿ ಎರಡು ತಿಂಗಳಾದರೂ ಬೆದೆ ಕಾಣದಿದ್ದರೆ ಹೊಗಳುತ್ತಾ ಕೂರಬೇಡಿ. ದಲ್ಲಾಳಿಗೆ ಹೇಳುವ ಮೊದಲು ಪಶುವೈದ್ಯರಿಗೆ ಹೇಳಿ. ಅವಳು ಬಾಯಿಬಿಡುವುದಿಲ್ಲ, ನೀವೇ ಕೇಳಬೇಕು.