ಆರು ಮಾತ್ರೆಯ ಗಂಗಾಂಬಿಕೆ

“ಪದ್ಯದಲ್ಲಿ ಕೈಯಾಡಿಸಿದ ಕಳ್ಳ ನನ್ನ ಕಿವಿ ತಪ್ಪಿಸ್ಕೊಂಡು ಒಂದು ದಿನ ಬದುಕಿದ್ದಿಲ್ಲ” ಎಂಬುದು ಬಾಳೆಹೊನ್ನೂರಿನ ಏಲಕ್ಕಿ ವ್ಯಾಪಾರಿ ವೃಷಭೇಂದ್ರಪ್ಪನವರ ಘೋಷಣೆ. ಭಾಮಿನಿ ಷಟ್ಪದಿ ಅವರ ಕಾಲಿಗೇ ಇಳಿದಿತ್ತು: ಮೂರು ಹೆಜ್ಜೆ ಗಿಡ್ಡ, ನಾಲ್ಕು ಹೆಜ್ಜೆ ಉದ್ದ, ಮತ್ತೆ ಮೂರು, ಮತ್ತೆ ನಾಲ್ಕು, ಕೊನೆಗೆ ಗುರು ಬರಬೇಕಾದಲ್ಲಿ ನಿಂತು ದೀರ್ಘವಾಗಿ ಕೆಮ್ಮುತ್ತಿದ್ದರು. ಮಾತ್ರೆ ಎಣಿಸಿ ಎಣಿಸಿ ಕರಿ ಕೋಟಿನ ಗುಂಡಿಗಳು ಸವೆದು ಮೆಂತ್ಯದ ಕಾಳಿನಷ್ಟಾಗಿದ್ದವು. ಸಂಶಯವೆಂದರೆ ಅಂಥಿಂಥ ಸಂಶಯವಲ್ಲ. ತೊಟ್ಟಿಲ ಕೂಸು ಪ್ರಾಸ ತಪ್ಪದೆ ಅತ್ತರೂ ‘ಇದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ’ ಎನ್ನುವವರು.

೧೯೪೧ರಲ್ಲಿ ಕೊಪ್ಪದ ಬಸವಮ್ಮ ತನ್ನ ಅಜ್ಜನ ಹಳೆಯ ಕಾವ್ಯವನ್ನು ಅಚ್ಚಿಗೆ ಕೊಡಲು ಹೊರಟಳು. ಉಳಿದಿದ್ದದ್ದು ಒಂದೇ ಕೈಬರಹದ ಪ್ರತಿ, ಅದೂ ಸುತ್ತಲಿನ ಪಂಡಿತರ ಕೈಯಿಂದ ಕೈಗೆ ದಾಟಿ ಬಂದದ್ದು. ಕೊನೆಯ ಪದ್ಯದಲ್ಲಿ ಅಜ್ಜಿ ಗಂಗಾಂಬಿಕೆಯ ಹೆಸರಿತ್ತೆಂದು ಅವಳ ತಾಯಿ ಸಾಯುವವರೆಗೂ ಹೇಳುತ್ತಿದ್ದರು. ಪುಸ್ತಕದಲ್ಲಿ ಮಾತ್ರ ‘ಗಿರಿಜೆ’ ಎಂದಿತ್ತು.

“ಹೀಗೇ ಅಚ್ಚಾದ್ರೆ ಅಜ್ಜಿ ಹುಟ್ಟೇ ಇರ್ಲಿಲ್ಲ ಅಂತಾಗ್ತದೆ, ಅಣ್ಣಯ್ಯ” ಎಂದು ವೃಷಭೇಂದ್ರಪ್ಪನವರನ್ನು ಕರೆಸಿದಳು.

ಅವರು ನೂರು ಪದ್ಯಗಳನ್ನೂ ಗುಂಡಿಯ ಮೇಲೆ ತಟ್ಟಿ ನೋಡಿದರು. ಅಜ್ಜ ಪ್ರಾಸದಲ್ಲಿ ಗಟ್ಟಿ, ಮಾತ್ರೆಯಲ್ಲಿ ಕುಂಟ. ಪದ್ಯಕ್ಕೊಂದು ಕಡೆ ಎಡವದೆ ಮುಂದೆ ಹೋದವರಲ್ಲ. ಕೊನೆಯದು ಮಾತ್ರ ತುಂಗೆಯಂತೆ ಸಲೀಸಾಗಿ ಹರಿಯಿತು. ಹುಬ್ಬು ಏರಿತು.

“ತೊಂಬತ್ತೊಂಬತ್ತು ಪದ್ಯ ಕುಂಟಿದ ಮನ್ಷ ನೂರನೇದಕ್ಕೆ ಓಡ್ತಾನ? ಇದು ಬೇರೆ ಯಾರದೋ ಕಾಲು, ಬಸವಮ್ಮ.”

ಮೊದಲು ನಕಲು ಮಾಡಿದವನ ಮೇಲೆ ಸಂಶಯಪಟ್ಟರು, ಆಮೇಲೆ ಅದನ್ನೊಮ್ಮೆ ಎರವಲು ಒಯ್ದಿದ್ದ ನರಸಿಂಹರಾಜಪುರದ ಶೇಷಪ್ಪ ಮೇಷ್ಟ್ರ ಮೇಲೆ, ಮಧ್ಯಾಹ್ನದ ಹೊತ್ತಿಗೆ ಮಜ್ಜಿಗೆ ತಂದುಕೊಟ್ಟ ಬಸವಮ್ಮನ ಮೇಲೂ. ಕಡೆಗೆ ಬೆರಳಾಡಿಸಿದರೆ ‘ಗಿರಿಜೆ’ ಇದ್ದಲ್ಲಿ ಕಾಗದ ದಪ್ಪಗಿತ್ತು. ಹಾಳೆಯದೇ ಬಣ್ಣದ ಚೀಟಿಯೊಂದನ್ನು ಯಾರೋ ಅಂಚಿಗೆ ಗೋಂದು ಹಚ್ಚಿ ಅಂಟಿಸಿದ್ದರು. ಬಸವಮ್ಮ ಒದ್ದೆಬಟ್ಟೆಯೊತ್ತಿ ಅದನ್ನು ಎಬ್ಬಿಸಿದಳು. ಅಡಿಯಲ್ಲಿ ಗಂಗಾಂಬಿಕೆ ಇದ್ದಳು: ಮೂರು ಮಾತ್ರೆಯ ಜಾಗದಲ್ಲಿ ಆರು ಮಾತ್ರೆಯ ಹೆಂಗಸು, ಸಾಲಿನ ಬೇಲಿ ಮುರಿದು ಕೂತಿದ್ದಳು. ಬಸವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅಚ್ಚಿಗೆ ಅವಳೇ ಹೋಗಲಿ ಎಂದಳು.

ಚೀಟಿಯ ಬೆನ್ನಿನಲ್ಲಿ ಬರಹವಿತ್ತು. ಅದನ್ನೂ ಬಸವಮ್ಮನೇ ಓದಿದಳು: “ಮಾತ್ರಾದೋಷವನ್ನು ತಿದ್ದಿದೆ. ವೃಷಭೇಂದ್ರಪ್ಪ, ೧೯೧೯.”

ಪರರ ಸಾಲಿನಲ್ಲಿ ಕಳ್ಳಹೆಜ್ಜೆ ಅರಸುವ ಪಂಡಿತಕುಲಕ್ಕೆ ದೇವರು ತೀಕ್ಷ್ಣವಾದ ಕಿವಿಯೊಡನೆ ಅಷ್ಟೇ ಗಾಢವಾದ ಮರೆವನ್ನೂ ಕೊಟ್ಟಿರುತ್ತಾನೆ. ನಾಚಿಕೆಯನ್ನು ಕೊಡುವಷ್ಟರಲ್ಲಿ ಅವನ ದಾಸ್ತಾನು ಮುಗಿದಿರುತ್ತದೆ.

“ಕಳ್ಳ ಇಪ್ಪತ್ತೆರಡು ವರ್ಷ ನಿಮ್ಮ ಮನೇಲೇ ಉಂಡ್ಕೊಂಡಿದ್ನಲ್ಲ ಅಣ್ಣಯ್ಯ” ಎಂದಳು ಬಸವಮ್ಮ.

ವೃಷಭೇಂದ್ರಪ್ಪನವರು ಚೀಟಿಯನ್ನು ತಿರುವಿ ನೋಡಿದರು.

“ಇರ್ಲಿ ಮಾರಾಯ್ತಿ. ನಮ್ಮೋನು ಅಂತ ನಾನು ಬಿಟ್ನಾ?”