ಎರಡು ದಿನ ಮೊದಲು

ಹಂದಿಗಳನ್ನು ಕೊಂದುಬಿಡು ಎಂದು ವರ್ಲಿನ್ ಹೌಗನ್‌ಗೆ ಹೇಳಿದವಳು ನಾನೇ. ಮಿನೆಸೋಟದ ಈ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಶುವೈದ್ಯೆ; ನನ್ನ ಮಾತನ್ನು ಅವನು ಎಂದೂ ತೆಗೆದುಹಾಕಿದವನಲ್ಲ.

ಕೋವಿಡ್ ಬಂದ ವರ್ಷ, ಏಪ್ರಿಲ್ ಮೊದಲ ವಾರ. ಕೆಲಸಗಾರರು ಒಬ್ಬರಾದ ಮೇಲೊಬ್ಬರು ಕಾಯಿಲೆ ಬಿದ್ದಿದ್ದರಿಂದ ನಮ್ಮ ಕಡೆಯ ಕಸಾಯಿಖಾನೆ ಮುಚ್ಚಿತು. ವರ್ಲಿನ್‌ನ ಸಾವಿರದ ಇನ್ನೂರು ಹಂದಿಗಳು ಕೊಟ್ಟಿಗೆಯಲ್ಲೇ ಬೆಳೆಯುತ್ತ ಹೋದವು. ತಿರುಗಲು ಜಾಗವಿಲ್ಲದೆ ಒಂದನ್ನೊಂದು ತುಳಿದು ಕಾಲು ಮುರಿದುಕೊಂಡವು, ಬಾಲ ಕಚ್ಚಿಕೊಂಡವು.

"ಇನ್ನು ಕಾಯ್ಬೇಡ," ಎಂದೆ. "ಕಾದಷ್ಟೂ ಅವಕ್ಕೇ ಹಿಂಸೆ."

"ನಾನು ಸಾಕಿದ್ದು ಜನ ತಿನ್ಲಿ ಅಂತ ಡಾಕ್ಟ್ರೇ, ಗುಂಡಿಗೆ ಹಾಕೋಕಲ್ಲ," ಎಂದ. ಕೊಟ್ಟಿಗೆಯ ಕಡೆ ತಿರುಗಿ, "ಯಾವತ್ತು?" ಎಂದು ಕೇಳಿದ.

ಹದಿಮೂರು, ಹದಿನಾಲ್ಕನೇ ತಾರೀಖು. ನಾನು, ಅವನು, ಪಕ್ಕದ ಜಮೀನಿನ ಇಬ್ಬರು; ಇನ್ನೂ ಚಿಕ್ಕವಾಗಿದ್ದ ಎಂಬತ್ತಾರನ್ನು ಬಿಟ್ಟು ಎಲ್ಲವನ್ನೂ ಕೊಂದೆವು. ಹಂದಿಗಳ ಚೀರಾಟಕ್ಕೆ ಕಿವಿಗೆ ಹತ್ತಿ ಇಟ್ಕೋ ಎಂದರೆ ವರ್ಲಿನ್ ಕೇಳಲಿಲ್ಲ.

ಮೇ ತಿಂಗಳಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಏಪ್ರಿಲ್ ಹದಿನಾರರಿಂದ ಮೇ ಹದಿನಾಲ್ಕರ ನಡುವೆ ಕೊಟ್ಟಿಗೆಯಲ್ಲಿ ಜೀವಂತ ಇದ್ದ ಹಂದಿಗೆ ತಲಾ ಹದಿನೇಳು ಡಾಲರ್. ಅದಕ್ಕೂ ಮೊದಲೇ ಗುಂಡಿಗೆ ಹೋದವಕ್ಕೆ ಏನೂ ಇಲ್ಲ.

ಅವನ ಹೆಂಡತಿ ಆರ್ಲಿಸ್ ನನ್ನ ಆಸ್ಪತ್ರೆಯ ಮುಂದೆ ಟ್ರಕ್ ನಿಲ್ಲಿಸಿ ಹಾರ್ನ್ ಹೊಡೆದಳು. ಆಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಾನೇ ಹೊರಗೆ ಹೋದೆ.

"ಎರಡು ದಿನ! ಎರಡೇ ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಮ್ಗೆ? ಅಷ್ಟು ಓದಿದೀರಲ್ಲ, ಏನ್ ಪ್ರಯೋಜನ?"

ಕಿಟಕಿಯಿಂದ ಒಂದು ಖಾಲಿ ಹಾಳೆ ಚಾಚಿದಳು.

"ಇಪ್ಪತ್ತನೇ ತಾರೀಖು ಸಾಯಿಸಿದ್ದು ಅಂತ ಒಂದು ಕಾಗದ ಬರ್ಕೊಡಿ."

"ಆರ್ಲಿಸ್, ನನ್ನ ಲೈಸೆನ್ಸ್ ಹೋಗತ್ತೆ."

ಅವಳು ಮಾಸ್ಕ್ ಕೆಳಗೆಳೆದಳು. ದನಿ ಇಳಿಯಿತು. "ಬಂದೂಕಿನ ಬೀರುವಿನ ಬೀಗದಕೈ ಎಲ್ಲಿ ಅಂತ ದಿನಾ ಕೇಳ್ತಾನೆ. ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದೀನಿ. ಎಷ್ಟು ದಿನ ಅಂತ ಬಚ್ಚಿಡ್ಲಿ, ಹೇಳಿ?"

ಟ್ರಕ್ಕಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದುಕೊಟ್ಟೆ.

ಮರುದಿನ ಅವರ ಮನೆಗೆ ಹೋದೆ. ಅರ್ಜಿ, ಪೆನ್ನು, ನನ್ನ ಕಾಗದ ಎಲ್ಲವೂ ಊಟದ ಮೇಜಿನ ಮೇಲಿದ್ದವು. ವರ್ಲಿನ್ ಮುಖ ಕ್ಷೌರ ಮಾಡಿಕೊಂಡು ಎಷ್ಟೋ ದಿನವಾಗಿತ್ತು.

"ಇಪ್ಪತ್ತು ಅಂತ ಬರ್ದಿದೀರಿ," ಎಂದ.

"ಹೌದು."

"ಅಂದ್ರೆ ಇನ್ನೂ ಆರು ದಿನ ಬದುಕಿದ್ವು ಅಂತಾಯ್ತು." ನಕ್ಕ. ನಗು ನಿಲ್ಲಲಿಲ್ಲ, ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. "ನಾನೇನು ಸಂತ ಅಲ್ಲ ಡಾಕ್ಟ್ರೇ. ತೆರಿಗೆಯವರಿಗೆ ಬೇಕಾದಷ್ಟು ಸುಳ್ಳು ಹೇಳಿದೀನಿ. ಇದೊಂದಕ್ಕೆ ಕೈ ಬರ್ತಿಲ್ಲ."

"ಕೈ ಬರಲ್ವಂತೆ!" ಆರ್ಲಿಸ್ ತಟ್ಟೆಯನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆದಳು. "ತಟ್ಟೆಗೆ ಕೈ ಹಾಕೋಕೆ ಮಾತ್ರ ಬರತ್ತೆ!" ಆಮೇಲೆ ಅವನ ಹಿಂದೆ ಬಂದು ನಿಂತು, ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನನ್ನನ್ನು ನೋಡಲಿಲ್ಲ. ನನ್ನ ಕಾಗದವನ್ನು ನಾನೇ ತೆಗೆದುಕೊಂಡು ಹೊರಟೆ.

ತಾರೀಖನ್ನು ಇದ್ದಂತೆಯೇ ಬರೆದು ವರ್ಲಿನ್ ಅರ್ಜಿ ಹಾಕಿದ. ಉಳಿದಿದ್ದ ಎಂಬತ್ತಾರು ಹಂದಿಗೆ ಹಣ ಬಂತು, ಒಂದೂವರೆ ಸಾವಿರವೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಕೊಟ್ಟಿಗೆ ಮಾರಿದರು. ಕಸಾಯಿಖಾನೆಗೆ ಜನ ಬೇಕಾಗಿತ್ತು. ವರ್ಲಿನ್ ಅಲ್ಲೇ ಮೂಳೆ ಬಿಡಿಸುವ ಸಾಲಿಗೆ ಸೇರಿದ.

ಚಳಿಗಾಲದಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ. ತೆಳ್ಳಗಾಗಿದ್ದ.

"ಹೇಗಿದೀಯ?" ಎಂದೆ.

"ಅಲ್ಲಿ ಗದ್ದಲ ಜಾಸ್ತಿ," ಎಂದ. "ಬೇರೇನೂ ಕೇಳ್ಸಲ್ಲ. ಒಳ್ಳೇದೇ ಆಯ್ತು."

ಆರ್ಲಿಸ್ ಟ್ರಕ್ಕಿನಿಂದ ಇಳಿಯಲೇ ಇಲ್ಲ.